ಹೆದರಿದ ಮೇಷ್ಟ್ರು, ಹಸಿರು ಗುಂಡು: ‘ಫ್ಯಾರನ್‌ಹೀಟ್ 451’ರಲ್ಲಿ ಫೇಬರ್ ಮಾಡಿದ್ದೇನು?

ಪುಸ್ತಕ ಇಟ್ಟುಕೊಂಡವರ ಮನೆ ಸುಡುವುದೇ ಕೆಲಸವಾಗಿರುವ ಒಬ್ಬ ಸರ್ಕಾರಿ ನೌಕರ ಒಂದು ದಿನ ಒಬ್ಬ ನಿವೃತ್ತ ಮೇಷ್ಟ್ರಿಗೆ ಫೋನ್ ಮಾಡುತ್ತಾನೆ. ದೇಶದಲ್ಲಿ ಬೈಬಲ್‌ನ ಎಷ್ಟು ಪ್ರತಿ ಉಳಿದಿವೆ ಅಂತ ಕೇಳುತ್ತಾನೆ. ಶೇಕ್ಸ್‌ಪಿಯರ್ ಎಷ್ಟು? ಪ್ಲೇಟೋ ಎಷ್ಟು? ಆ ಕಡೆ ಮೇಷ್ಟ್ರ ದನಿ ನಡುಗುತ್ತದೆ. ಒಂದೂ ಇಲ್ಲ, ಅದು ನಿಮಗೂ ಗೊತ್ತಲ್ಲ ಎಂದು ಹೇಳಿ ಫೋನ್ ಇಟ್ಟುಬಿಡುತ್ತಾರೆ.

ಇದು ಬಲೆ ಅಂತ ಅವರಿಗೆ ಅನಿಸಿತ್ತು. ಅವರ ಜಾಗದಲ್ಲಿ ಯಾರಿದ್ದರೂ ಹಾಗೇ ಅನಿಸುತ್ತಿತ್ತು, ಅಲ್ವಾ? ಆದರೆ ಇದೇ ಮೇಷ್ಟ್ರು ಒಂದು ರಾತ್ರಿ ಕಳೆಯುವಷ್ಟರಲ್ಲಿ ಆ ನೌಕರನನ್ನು ಪೊಲೀಸರಿಂದ, ಹೆಲಿಕಾಪ್ಟರ್‌ಗಳಿಂದ, ಒಂದು ಯಂತ್ರನಾಯಿಯಿಂದ ಪಾರು ಮಾಡಿ ಕಳಿಸುತ್ತಾರೆ. ಅವರ ಹೆಸರು ಫೇಬರ್. ರೇ ಬ್ರಾಡ್‌ಬರಿಯ ‘ಫ್ಯಾರನ್‌ಹೀಟ್ 451’ ಕಾದಂಬರಿಯಲ್ಲಿ ಬರುವ ಸಣ್ಣ ಪಾತ್ರ. ನಾವು ಅವರನ್ನು ಎದುರಾಎದುರು ನೋಡುವುದು ಮೂರೇ ಸಲ. ಒಮ್ಮೆ ನೆನಪಿನಲ್ಲಿ, ಎರಡು ಸಲ ಅವರ ಮನೆಯಲ್ಲಿ. ಉಳಿದ ಹೊತ್ತು ಅವರು ಬರೀ ಒಂದು ದನಿ.

ಕಾಲೇಜಿನ ದಿನಗಳಲ್ಲಿ ಈ ಕಾದಂಬರಿ ಓದಿದಾಗ ನಾನು ಫೇಬರ್ ಅವರನ್ನು ಗಮನಿಸಲೇ ಇಲ್ಲ. ಬೆಂಕಿ, ನಾಯಿ, ಓಟ ಇವೇ ತಲೆಯಲ್ಲಿ ಉಳಿದಿದ್ದವು. ಈಗ ಮತ್ತೆ ಓದುವಾಗ ನನ್ನ ಕಣ್ಣು ನಿಲ್ಲುವುದೇ ಈ ಮೇಷ್ಟ್ರ ಮೇಲೆ. ಪ್ರತಿರೋಧದ ಕಥೆಯಲ್ಲಿ ಇಂಥ ಸಣ್ಣ ಸಹಾಯಕ ಯಾಕೆ ಬೇಕಾಗುತ್ತಾನೆ, ಅವನು ನಿಜವಾಗಿ ಮಾಡುವ ಕೆಲಸ ಏನು ಅನ್ನುವುದು ಇವರ ಮೂಲಕ ಬಹಳ ಚೆನ್ನಾಗಿ ಅರ್ಥವಾಗುತ್ತದೆ. ಅದಕ್ಕೇ ಈ ಬರಹ.

ಮೊದಲು ಆ ಲೋಕ ಹೇಗಿದೆ ನೋಡೋಣ. ಕಾದಂಬರಿ ಬಂದದ್ದು 1953ರಲ್ಲಿ, ಅಮೆರಿಕದಲ್ಲಿ. ಜರ್ಮನಿಯಲ್ಲಿ ನಾಜಿಗಳು ಬೀದಿಯಲ್ಲಿ ಪುಸ್ತಕ ಸುಟ್ಟು ಆಗ ಇಪ್ಪತ್ತು ವರ್ಷ ಆಗಿತ್ತು. ಅಮೆರಿಕದಲ್ಲೇ ಕಮ್ಯುನಿಸ್ಟ್ ಎಂಬ ಅನುಮಾನದ ಮೇಲೆ ಬರಹಗಾರರನ್ನು, ಮೇಷ್ಟ್ರುಗಳನ್ನು ವಿಚಾರಣೆಗೆ ಎಳೆಯುತ್ತಿದ್ದ ಕಾಲ ಅದು. ಬ್ರಾಡ್‌ಬರಿ ಇದರ ಮೊದಲ ರೂಪವನ್ನು ಲಾಸ್ ಏಂಜಲೀಸ್‌ನ ವಿಶ್ವವಿದ್ಯಾಲಯವೊಂದರ ಗ್ರಂಥಾಲಯದ ನೆಲಮಾಳಿಗೆಯಲ್ಲಿ ಕೂತು ಬಾಡಿಗೆ ಟೈಪ್‌ರೈಟರ್‌ನಲ್ಲಿ ಹೊಡೆದರು. ಅರ್ಧ ಗಂಟೆಗೆ ಹತ್ತು ಸೆಂಟ್ ನಾಣ್ಯ ಹಾಕಬೇಕಿತ್ತು. ಒಟ್ಟು ಖರ್ಚಾದದ್ದು 9 ಡಾಲರ್ 80 ಸೆಂಟ್. ಮೇಲಿನ ಮಹಡಿಗಳ ತುಂಬ ಪುಸ್ತಕ, ಕೆಳಗೆ ಪುಸ್ತಕ ಸುಡುವ ಕಥೆ.

ಆ ಕಥೆಯ ಊರಿನಲ್ಲಿ ಯಾವ ಮನೆಗೂ ತಾನಾಗಿ ಬೆಂಕಿ ಹೊತ್ತಿಕೊಳ್ಳುವುದಿಲ್ಲ. ಹಾಗಾಗಿ ಅಗ್ನಿಶಾಮಕ ದಳಕ್ಕೆ ಹೊಸ ಕೆಲಸ ಕೊಟ್ಟಿದ್ದಾರೆ. ಯಾರ ಮನೆಯಲ್ಲಿ ಪುಸ್ತಕ ಇದೆ ಅಂತ ದೂರು ಬಂದರೂ ಹೋಗಿ ಸೀಮೆಎಣ್ಣೆ ಸುರಿದು ಸುಡಬೇಕು. ಜನ ಗೋಡೆಯಷ್ಟು ದೊಡ್ಡ ಟಿವಿಗಳ ಮುಂದೆ ಕೂರುತ್ತಾರೆ. ಮಲಗುವಾಗ ಕಿವಿಗೆ ಪುಟ್ಟ ರೇಡಿಯೊ ಸಿಕ್ಕಿಸಿಕೊಳ್ಳುತ್ತಾರೆ. ಅದು ಬೆಳಗಿನ ತನಕ ಗುಂಯ್ ಅನ್ನುತ್ತಲೇ ಇರುತ್ತದೆ. ನಾಯಕ ಮಾಂಟಾಗ್ ಹತ್ತು ವರ್ಷ ಈ ದಳದಲ್ಲಿ ದುಡಿದವನು. ಪಕ್ಕದ ಮನೆಯ ಹುಡುಗಿ ಕ್ಲಾರಿಸ್ ಒಂದು ರಾತ್ರಿ, ನೀವು ಸುಖವಾಗಿದ್ದೀರಾ ಅಂತ ಕೇಳುತ್ತಾಳೆ. ಆ ಪ್ರಶ್ನೆ ಅವನನ್ನು ಬಿಡುವುದಿಲ್ಲ. ಆಮೇಲೆ ಒಬ್ಬ ಮುದುಕಿ ತನ್ನ ಪುಸ್ತಕಗಳನ್ನು ಬಿಟ್ಟು ಬರಲು ಒಪ್ಪದೆ ಅವುಗಳ ಜೊತೆಗೇ ಸುಟ್ಟುಹೋಗುತ್ತಾಳೆ. ಅದನ್ನು ಕಣ್ಣಾರೆ ಕಂಡ ಮೇಲೆ ಮಾಂಟಾಗ್‌ಗೆ ಕೆಲಸಕ್ಕೆ ಹೋಗಲು ಆಗುವುದಿಲ್ಲ. ಇಷ್ಟರಲ್ಲಿ ಅವನೇ ಕದ್ದು ಬಚ್ಚಿಟ್ಟ ಪುಸ್ತಕಗಳು ಮನೆಯಲ್ಲಿವೆ. ಓದುತ್ತಾನೆ, ಏನೂ ಅರ್ಥವಾಗುವುದಿಲ್ಲ.

ಆಗ ಅವನಿಗೆ ಫೇಬರ್ ನೆನಪಾಗುತ್ತಾರೆ.

ಒಂದು ವರ್ಷದ ಹಿಂದೆ ಪಾರ್ಕಿನಲ್ಲಿ ಒಬ್ಬ ಮುದುಕ ಅವನನ್ನು ಕಂಡು ಕೋಟಿನೊಳಗೆ ಏನನ್ನೋ ಸರಕ್ಕನೆ ಬಚ್ಚಿಟ್ಟಿದ್ದ. ಮಾಂಟಾಗ್ ಹಿಡಿಯಬಹುದಿತ್ತು, ಹಿಡಿಯಲಿಲ್ಲ. ಪಕ್ಕದಲ್ಲಿ ಕೂತು ಹವಾಮಾನದ ಮಾತಾಡಿದ. ಸ್ವಲ್ಪ ಹೊತ್ತಿಗೆ ಮುದುಕರ ಭಯ ಇಳಿಯಿತು. ಇಂಗ್ಲಿಷ್ ಸಾಹಿತ್ಯದ ಮೇಷ್ಟ್ರಾಗಿದ್ದರಂತೆ. ಓದುವ ಹುಡುಗರೂ ಇಲ್ಲದೆ, ದುಡ್ಡು ಕೊಡುವವರೂ ಇಲ್ಲದೆ ಕಾಲೇಜುಗಳು ಮುಚ್ಚಿಹೋಗಿ ನಲವತ್ತು ವರ್ಷ ಆಗಿತ್ತು. ಮಾತಾಡುತ್ತಾ ಅವರು ಕೈಯನ್ನು ಕೋಟಿನ ಎಡಗಡೆಯ ಜೇಬಿನ ಮೇಲೆ ಇಟ್ಟುಕೊಂಡೇ ಇದ್ದರು. ಅಲ್ಲಿ ಪುಸ್ತಕ ಇದೆ ಅಂತ ಮಾಂಟಾಗ್‌ಗೆ ಗೊತ್ತಾಯಿತು. ಆದರೂ ಅವನ ಕೈ ಮೊಣಕಾಲು ಬಿಟ್ಟು ಏಳಲಿಲ್ಲ. ಹೊರಡುವಾಗ ಫೇಬರ್ ಒಂದು ಚೀಟಿಯ ಮೇಲೆ ತಮ್ಮ ವಿಳಾಸ ಬರೆದುಕೊಟ್ಟರು. ನನ್ನ ಮೇಲೆ ಸಿಟ್ಟು ಬಂದರೆ ನಿಮ್ಮ ಕಡತಕ್ಕೆ ಇರಲಿ ಅಂದರು. ನನಗೆ ಸಿಟ್ಟಿಲ್ಲ ಅಂದ ಮಾಂಟಾಗ್.

ಈ ಚೀಟಿಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಭಯದಿಂದ ನಡುಗುವ ಮನುಷ್ಯ, ತನ್ನನ್ನು ಜೈಲಿಗೆ ಕಳಿಸಬಲ್ಲವನ ಕೈಗೆ ತಾನಾಗಿ ವಿಳಾಸ ಕೊಡುತ್ತಾನೆ. ಇದು ಶರಣಾಗತಿಯೂ ಹೌದು, ಆಹ್ವಾನವೂ ಹೌದು. ದೂರು ಕೊಡುವುದಾದರೆ ಕೊಡು, ಮಾತಾಡಬೇಕು ಅನಿಸಿದರೆ ಬಾ. ಅವರ ಇಡೀ ಸ್ವಭಾವ ಆ ಚೀಟಿಯಲ್ಲಿದೆ. ಎರಡೂ ಕಡೆಯ ಬಾಗಿಲು ತೆಗೆದಿಟ್ಟು, ಯಾರು ಬರುತ್ತಾರೋ ಅಂತ ಒಳಗೆ ಕೂತು ಕಾಯುತ್ತಾರೆ.

ಮಾಂಟಾಗ್ ಬೈಬಲ್ ಕಂಕುಳಲ್ಲಿ ಇಟ್ಟುಕೊಂಡು ಅವರ ಮನೆಗೆ ಬರುತ್ತಾನೆ. ವರ್ಷಗಳಿಂದ ಹೊರಗೇ ಬಾರದವರ ಹಾಗೆ ಮೇಷ್ಟ್ರು ಬಿಳಿಚಿಕೊಂಡಿದ್ದಾರೆ. ಅವನ ಕೈಯಲ್ಲಿ ಪುಸ್ತಕ ಕಂಡ ಕೂಡಲೇ ಅವರ ಮುಖ ಬದಲಾಗುತ್ತದೆ. ಪುಸ್ತಕ ತೆಗೆದುಕೊಂಡು ಮೂಸಿ ನೋಡುತ್ತಾರೆ. ಆಮೇಲೆ ತಮ್ಮ ಬಗ್ಗೆ ತಾವೇ ತಪ್ಪೊಪ್ಪಿಕೊಳ್ಳುತ್ತಾರೆ. ಹೀಗಾಗುತ್ತಿದೆ ಅಂತ ನನಗೆ ಬಹಳ ಹಿಂದೆಯೇ ಕಾಣುತ್ತಿತ್ತು, ಮಾತಾಡಬಹುದಿತ್ತು, ಮಾತಾಡಲಿಲ್ಲ, ನಾನು ಹೇಡಿ ಅನ್ನುತ್ತಾರೆ.

ನಾವು ಕಥೆಗಳಲ್ಲಿ ನೋಡಿರುವ ಸಹಾಯಕ ಹೀಗಿರುವುದಿಲ್ಲ. ಅವನು ಧೈರ್ಯಶಾಲಿ. ನಾಯಕನಿಗಾಗಿ ಪ್ರಾಣ ಕೊಡಲು ತಯಾರಾಗಿ ನಿಂತಿರುತ್ತಾನೆ. ಫೇಬರ್ ಮೊದಲು ಕೇಳುವುದೇ ತನ್ನನ್ನು ಬಿಟ್ಟುಬಿಡು ಅಂತ. ಮಾಂಟಾಗ್ ಅವರನ್ನು ಒಪ್ಪಿಸುವ ರೀತಿಯೂ ಚೆನ್ನಾಗಿಲ್ಲ. ಬೈಬಲ್‌ನ ಹಾಳೆಗಳನ್ನು ಒಂದೊಂದಾಗಿ ಹರಿಯಲು ಶುರು ಮಾಡುತ್ತಾನೆ. ದೇಶದಲ್ಲಿ ಉಳಿದಿರುವ ಕೊನೆಯ ಪ್ರತಿ ಇದೇ ಇರಬಹುದು. ಮೇಷ್ಟ್ರು ಅಂಗಲಾಚುತ್ತಾರೆ. ಕೊನೆಗೆ ಸೋತು ಒಪ್ಪುತ್ತಾರೆ. ಅಂದರೆ ಈ ಕಥೆಯಲ್ಲಿ ಸಹಾಯ ಅನ್ನುವುದು ಒಬ್ಬ ಹೆದರಿದವನ ಕೈಯಿಂದ ಕಿತ್ತುಕೊಂಡ ಹಾಗೆ ಶುರುವಾಗುತ್ತದೆ. ನನಗೆ ಇದು ಬಹಳ ನಿಜ ಅನಿಸುತ್ತದೆ.

ಅವರು ಮೊದಲು ಕೊಡುವುದು ತಿಳಿವಳಿಕೆ. ಮಾಂಟಾಗ್ ಬಂದಿರುವುದು ಪುಸ್ತಕ ಬೇಕು ಅಂತ. ನಿನಗೆ ಬೇಕಾಗಿರುವುದು ಪುಸ್ತಕ ಅಲ್ಲ, ಒಂದು ಕಾಲದಲ್ಲಿ ಪುಸ್ತಕದಲ್ಲಿ ಇರುತ್ತಿದ್ದ ಕೆಲವು ಸಂಗತಿ ಅನ್ನುತ್ತಾರೆ ಫೇಬರ್. ಅವೇ ಸಂಗತಿಗಳನ್ನು ರೇಡಿಯೊ, ಟಿವಿಯಲ್ಲೂ ಕೊಡಬಹುದಿತ್ತು, ಕೊಡುತ್ತಿಲ್ಲ ಅಷ್ಟೇ. ಆಮೇಲೆ ಮೂರು ವಿಷಯ ಹೇಳುತ್ತಾರೆ. ಮೊದಲನೆಯದು ಬದುಕಿನ ವಿವರ. ಒಳ್ಳೆಯ ಪುಸ್ತಕವನ್ನು ಸೂಕ್ಷ್ಮದರ್ಶಕದ ಕೆಳಗೆ ಇಟ್ಟರೆ ಚರ್ಮದ ಹಾಗೆ ರಂಧ್ರ ಕಾಣಬೇಕಂತೆ, ಅಷ್ಟು ಜೀವ ಇರಬೇಕು. ಎರಡನೆಯದು ಅದನ್ನು ಜೀರ್ಣಿಸಿಕೊಳ್ಳಲು ಪುರುಸೊತ್ತು. ಕೆಲಸ ಬಿಟ್ಟ ಮೇಲೆ ಸಿಗುವ ರಜೆಯನ್ನು ಅವರು ಪುರುಸೊತ್ತು ಅನ್ನುವುದಿಲ್ಲ. ಕೂತು ಯೋಚನೆ ಮಾಡಲು ಬಿಡುವ ಹೊತ್ತನ್ನು ಹಾಗೆ ಅನ್ನುತ್ತಾರೆ. ಗೋಡೆ ಟಿವಿ ಆ ಹೊತ್ತನ್ನು ಕೊಡುವುದಿಲ್ಲ. ಅದು ಹೇಳಿದ್ದೇ ಸರಿ ಅನ್ನಿಸುವಷ್ಟು ಜೋರಾಗಿ, ವೇಗವಾಗಿ ಮಾತಾಡುತ್ತದೆ. ಪುಸ್ತಕವನ್ನಾದರೆ ಮುಚ್ಚಿಟ್ಟು, ಇರು ಸ್ವಲ್ಪ ಅನ್ನಬಹುದು. ಮೂರನೆಯದು, ಹೀಗೆ ಓದಿ ಯೋಚಿಸಿ ತಿಳಿದುಕೊಂಡದ್ದರ ಪ್ರಕಾರ ನಡೆದುಕೊಳ್ಳುವ ಹಕ್ಕು.

ಈ ಮೂರೂ ಸೇರಿದರೆ ಇಡೀ ಕಾದಂಬರಿಯ ಬೀಗದ ಕೈ ಸಿಕ್ಕಿದ ಹಾಗೆ. ಅದನ್ನು ಬ್ರಾಡ್‌ಬರಿ ನಾಯಕನ ಬಾಯಲ್ಲಿ ಹೇಳಿಸಲಿಲ್ಲ. ಒಬ್ಬ ಸಣ್ಣ ಪಾತ್ರದ ಕೈಯಲ್ಲಿ ಇಟ್ಟರು. ಇದಕ್ಕೆ ಕಾರಣ ಇದೆ. ಇಂಥ ಕಥೆಯ ನಾಯಕ ಆಗತಾನೇ ಎದ್ದವನು. ಅವನಿಗೆ ಸಿಟ್ಟಿದೆ, ದುಃಖವಿದೆ, ಆದರೆ ಏನಾಗಿದೆ ಅಂತ ಹೇಳಲು ಮಾತಿಲ್ಲ. ಹಳೆಯ ಕಾಲ ನೆನಪಿರುವ ಯಾರೋ ಒಬ್ಬರು ಅವನಿಗೆ ಆ ಮಾತು ಕೊಡಬೇಕು. ಅವರಿಗೆ ಅಧಿಕಾರ ಇರಬಾರದು. ಇದ್ದರೆ ಅವರೇ ನಾಯಕರಾಗುತ್ತಿದ್ದರು.

ಇನ್ನು ಹಸಿರು ಗುಂಡಿನ ವಿಷಯ. ಫೇಬರ್ ಅವನನ್ನು ಒಳಗಿನ ಕೋಣೆಗೆ ಕರೆದುಕೊಂಡು ಹೋಗುತ್ತಾರೆ. ಮೇಜಿನ ತುಂಬ ಉಪಕರಣ, ಕೂದಲೆಳೆಯಂಥ ತಂತಿ, ಪುಟ್ಟ ಸುರುಳಿ, ಹರಳು. ಸಾಹಿತ್ಯದ ಮೇಷ್ಟ್ರ ಮನೆಯಲ್ಲಿ ರೇಡಿಯೊ ರಿಪೇರಿ ಅಂಗಡಿ ಇದ್ದ ಹಾಗೆ. ಒಂಟಿಯಾಗಿ ಕೂತು ಕೂತು ಅವರು ಎಲೆಕ್ಟ್ರಾನಿಕ್ಸ್ ಕಲಿತಿದ್ದಾರೆ. ಖರ್ಚಿಗೆ ಷೇರು ಪೇಟೆಯಲ್ಲಿ ಸಂಪಾದಿಸಿದ್ದಾರೆ. ಅಲ್ಲಿ ಅವರು ಮಾಡಿಟ್ಟಿರುವುದು ಬಂದೂಕಿನ ಸಣ್ಣ ಗುಂಡಿನಷ್ಟು ದೊಡ್ಡದಾದ, ಹಸಿರು ಲೋಹದ ಒಂದು ವಸ್ತು. ಕಿವಿಯೊಳಗೆ ಕೂರುತ್ತದೆ. ಹಾಕಿಕೊಂಡವನಿಗೆ ಕೇಳುವುದೆಲ್ಲ ಫೇಬರ್ ಅವರಿಗೂ ಕೇಳುತ್ತದೆ. ಅವರು ಮನೆಯಿಂದ ಮಾತಾಡಿದರೆ ಅವನ ಕಿವಿಯಲ್ಲಿ ಮೆಲ್ಲಗೆ ಕೇಳುತ್ತದೆ.

ಇದು ನನ್ನ ಹೇಡಿತನಕ್ಕೆ ಸಾಕ್ಷಿ ಅನ್ನುತ್ತಾರೆ ಮೇಷ್ಟ್ರು. ನೀನು ಹೊರಗೆ ಓಡಾಡುವ ಕಿವಿ, ನಾನು ಗೂಡಿನೊಳಗೆ ಸುರಕ್ಷಿತವಾಗಿ ಕೂತ ರಾಣಿ ಜೇನು ಅನ್ನುವುದು ಅವರೇ ಕೊಡುವ ಹೋಲಿಕೆ. ಅಪಾಯ ಎಲ್ಲ ಮಾಂಟಾಗ್‌ಗೆ. ಇದನ್ನು ಅವರು ಮುಚ್ಚಿಡುವುದಿಲ್ಲ. ಎಷ್ಟೋ ತಿಂಗಳಿಂದ ಅದನ್ನು ತಯಾರು ಮಾಡಿಟ್ಟು, ಪಾರ್ಕಿನಲ್ಲಿ ಸಿಕ್ಕಿದ ಆ ಮನುಷ್ಯ ಒಂದಲ್ಲ ಒಂದು ದಿನ ಸ್ನೇಹದಿಂದಲೋ ಬೆಂಕಿ ಹಿಡಿದೋ ಬರುತ್ತಾನೆ ಅಂತ ಕಾಯುತ್ತಿದ್ದರು.

ಇಲ್ಲಿ ಬ್ರಾಡ್‌ಬರಿ ಮಾಡಿದ ಕೆಲಸ ನನಗೆ ತುಂಬ ಇಷ್ಟ. ಮಾಂಟಾಗ್‌ನ ಹೆಂಡತಿ ಮಿಲ್ಡ್ರೆಡ್ ಕಿವಿಯಲ್ಲೂ ಒಂದು ರೇಡಿಯೊ ಇದೆ. ಯಂತ್ರ ಹೆಚ್ಚು ಕಡಿಮೆ ಅದೇ. ಒಂದು ಅವಳನ್ನು ಪಕ್ಕದಲ್ಲಿ ಮಲಗಿದ ಗಂಡನಿಂದಲೂ ದೂರ ಮಾಡುತ್ತದೆ. ಇನ್ನೊಂದು ಇಬ್ಬರು ಹೆದರಿದ ಗಂಡಸರನ್ನು ಹತ್ತಿರ ಮಾಡುತ್ತದೆ. ರಾತ್ರಿ ಹೊತ್ತು ನಿದ್ದೆ ಹತ್ತುವ ತನಕ ಓದಿ ಹೇಳುತ್ತೇನೆ ಅಂದ ಫೇಬರ್, ಮಾಂಟಾಗ್ ಮನೆ ಕಡೆ ನಡೆಯುತ್ತಿರುವಾಗಲೇ ಬೈಬಲ್‌ನ ಯೋಬನ ಕಥೆ ಓದುತ್ತಾರೆ. ಎಲ್ಲ ಕಳೆದುಕೊಂಡ ಮನುಷ್ಯನ ಕಥೆ ಅದು. ಆ ರಾತ್ರಿ ಕಳೆಯುವಷ್ಟರಲ್ಲಿ ಮಾಂಟಾಗ್ ಕಳೆದುಕೊಳ್ಳಲಿರುವುದು ಅದಕ್ಕಿಂತ ಕಡಿಮೆ ಏನಲ್ಲ.

ಆದರೆ ಕಿವಿಯೊಳಗಿನ ದನಿಗೆ ಒಂದು ಅಪಾಯ ಇದೆ. ಅದನ್ನು ಮೊದಲು ಕಂಡುಹಿಡಿಯುವವನು ಮಾಂಟಾಗ್. ಇಷ್ಟು ದಿನ ದಳದ ಮುಖ್ಯಸ್ಥ ಬೀಟಿ ಹೇಳಿದಂತೆ ಮಾಡಿದೆ, ಈಗ ನೀವು ಹೇಳಿದಂತೆ ಮಾಡುತ್ತೇನೆ, ಹೀಗೆ ಸುಮ್ನೆ ಕಡೆ ಬದಲಿಸಿದರೆ ಏನು ಬಂತು ಅನ್ನುವ ಅರ್ಥದಲ್ಲಿ ಕೇಳುತ್ತಾನೆ. ಮೇಷ್ಟ್ರಿಗೆ ಸಿಟ್ಟು ಬರುವುದಿಲ್ಲ. ನಿನಗೆ ಆಗಲೇ ಬುದ್ಧಿ ಬಂದಿದೆ ಅಂತ ಸಂತೋಷಪಡುತ್ತಾರೆ. ಒಳ್ಳೆಯ ಸಹಾಯಕನ ಗುರುತು ಇದೇ ಅಂತ ನನಗನಿಸುತ್ತದೆ. ಎದುರಿಗೆ ನಿಂತವನು ತನ್ನ ಮಾತನ್ನೂ ಪ್ರಶ್ನೆ ಮಾಡಿದಾಗ ಅವನಿಗೆ ಖುಷಿಯಾಗಬೇಕು.

ಇದರ ಪಕ್ಕದಲ್ಲಿ ಇನ್ನೊಬ್ಬ ಸಹಾಯಕನನ್ನು ಇಟ್ಟು ನೋಡಿದರೆ ವ್ಯತ್ಯಾಸ ಚೆನ್ನಾಗಿ ಕಾಣುತ್ತದೆ. ನಾಲ್ಕು ವರ್ಷ ಮೊದಲು, 1949ರಲ್ಲಿ ಬಂದ ಜಾರ್ಜ್ ಆರ್ವೆಲ್‌ನ ‘1984’ರಲ್ಲಿ ಚಾರಿಂಗ್ಟನ್ ಅನ್ನುವ ಮುದುಕ ಇದ್ದಾನೆ. ಹಳೆಯ ಸಾಮಾನಿನ ಅಂಗಡಿಯವನು. ನಾಯಕ ವಿನ್‌ಸ್ಟನ್‌ಗೆ ಹವಳ ಹುದುಗಿಸಿದ ಗಾಜಿನ ಗೋಲ ಮಾರುತ್ತಾನೆ, ಮೇಲಿನ ಕೋಣೆ ಬಾಡಿಗೆಗೆ ಕೊಡುತ್ತಾನೆ, ಹಳೆಯ ಪದ್ಯದ ಸಾಲು ಹೇಳಿಕೊಡುತ್ತಾನೆ. ಕೊನೆಗೆ ನೋಡಿದರೆ ಅವನೇ ಗುಪ್ತ ಪೊಲೀಸ್. ಚಾರಿಂಗ್ಟನ್‌ಗೆ ಒಮ್ಮೆಯೂ ಭಯ ಆಗುವುದಿಲ್ಲ ಅನ್ನುವುದನ್ನು ಗಮನಿಸಿ. ಕೇಳಿದ್ದನ್ನೆಲ್ಲ ಸಲೀಸಾಗಿ ಕೊಡುತ್ತಾನೆ. ಫೇಬರ್ ಪ್ರತಿಯೊಂದನ್ನೂ ಹಿಂಜರಿಯುತ್ತಾ ಕೊಡುತ್ತಾರೆ. ಈ ಎರಡನ್ನೂ ಓದಿದವರಿಗೆ ಮೇಷ್ಟ್ರ ನಡುಕವೇ ಅವರ ಮೇಲೆ ನಂಬಿಕೆ ಹುಟ್ಟಿಸುತ್ತದೆ.

ಇಬ್ಬರೂ ಸೇರಿ ಹಾಕುವ ಯೋಜನೆಯನ್ನೂ ಸ್ವಲ್ಪ ಬಿಡಿಸಿ ಹೇಳಬೇಕು. ಪುಸ್ತಕ ಅಚ್ಚು ಹಾಕಿ ಬೆಂಕಿ ದಳದವರ ಮನೆಗಳಲ್ಲೇ ಗುಟ್ಟಾಗಿ ಇಟ್ಟರೆ, ಆಮೇಲೆ ಅವರ ಮೇಲೇ ದೂರು ಕೊಟ್ಟರೆ ಹೇಗೆ? ಸುಡುವವರ ಮೇಲೇ ಅನುಮಾನ ಹುಟ್ಟುತ್ತದೆ, ದಳ ತನ್ನನ್ನು ತಾನೇ ಸುಟ್ಟುಕೊಳ್ಳುತ್ತದೆ. ಇದನ್ನು ಹೇಳಿದವರು ಫೇಬರ್. ಹೇಳಿದ ಮರುಕ್ಷಣವೇ ಹಿಂದೆ ಸರಿದವರೂ ಅವರೇ. ಕೆಲಸವಿಲ್ಲದೆ ಕೂತ ಒಬ್ಬ ಮುದ್ರಕ ಅವರಿಗೆ ಗೊತ್ತು. ಅಷ್ಟೇ ಅವರ ಜಾಲ. ಒಬ್ಬ ಮುದ್ರಕ, ಒಬ್ಬ ಬೆಂಕಿ ದಳದವನು, ಮತ್ತೆ ಊರ ಹೊರಗೆ ರೈಲು ಹಳಿಗಳ ಪಕ್ಕ ಹಳೆಯ ವಿದ್ಯಾವಂತರು ಅಲೆಯುತ್ತಿದ್ದಾರೆ ಅನ್ನುವ ಕೇಳಿದ ಸುದ್ದಿ.

ಗುಟ್ಟಿನ ಚಳವಳಿಗಳು ನಿಜವಾಗಿ ನಡೆಯುವುದೂ ಹೀಗೇ. ಒಬ್ಬೊಬ್ಬರಿಗೆ ತನ್ನ ಹಿಂದಿನವನು, ಮುಂದಿನವನು ಮಾತ್ರ ಗೊತ್ತಿರಬೇಕು. ಜಾಸ್ತಿ ಗೊತ್ತಿದ್ದರೆ, ಸಿಕ್ಕಿಬಿದ್ದ ದಿನ ಜಾಸ್ತಿ ಜನ ಸಾಯುತ್ತಾರೆ. ಫೇಬರ್ ಯಾವ ಸಂಘಟನೆಗೂ ಸೇರಿದವರಲ್ಲ. ಅವರಿಗೆ ಇಂಥ ನಿಯಮವನ್ನು ಯಾರೂ ಹೇಳಿಕೊಟ್ಟಿಲ್ಲ. ಒಂಟಿತನದಿಂದಲೇ ಅವರ ಬಳಿ ಬಿಟ್ಟುಕೊಡಲು ಹೆಸರುಗಳಿಲ್ಲ.

ಮಾಂಟಾಗ್‌ಗೆ ತಾಳ್ಮೆ ಕಡಿಮೆ. ಹೆಂಡತಿಯ ಗೆಳತಿಯರ ಮುಂದೆ ಪುಸ್ತಕ ತೆಗೆದು ಪದ್ಯ ಓದಿಬಿಡುತ್ತಾನೆ. ಬೇಡ, ನಿಲ್ಲಿಸು ಅಂತ ಮೇಷ್ಟ್ರು ಕಿವಿಯಲ್ಲಿ ಗೋಗರೆಯುತ್ತಾರೆ. ತಮಾಷೆಗೆ ಓದಿದೆ ಅಂತ ಹೇಳಿಬಿಡು ಅನ್ನುತ್ತಾರೆ. ಆಮೇಲೆ ದಳದ ಕಚೇರಿಯಲ್ಲಿ ಬೀಟಿ ಒಂದರ ಮೇಲೊಂದು ಉದ್ಧರಣೆ ಎಸೆದು ಅವನ ತಲೆ ತಿರುಗಿಸುವಾಗ ಅದೇ ದನಿ ಅವನನ್ನು ಹಿಡಿದು ನಿಲ್ಲಿಸುತ್ತದೆ. ಬೀಟಿ ಹೇಳುವುದನ್ನು ಕೇಳಿಸಿಕೋ, ನಾನು ಹೇಳುವುದನ್ನೂ ಕೇಳಿಸಿಕೋ, ಯಾವ ಕಡೆ ಅನ್ನುವುದನ್ನು ನೀನೇ ತೀರ್ಮಾನ ಮಾಡು ಅನ್ನುತ್ತಾರೆ. ಅಷ್ಟರಲ್ಲಿ ದೂರಿನ ಗಂಟೆ. ಗಾಡಿ ಹೋಗಿ ನಿಲ್ಲುವುದು ಮಾಂಟಾಗ್‌ನ ಮನೆ ಮುಂದೆಯೇ.

ಅಲ್ಲಿ ಬೀಟಿ ಹೊಡೆದ ಏಟಿಗೆ ಹಸಿರು ಗುಂಡು ಕಿವಿಯಿಂದ ಉದುರುತ್ತದೆ. ಬೀಟಿ ಎತ್ತಿಕೊಂಡು, ಇದರ ಜಾಡು ಹಿಡಿದು ನಿನ್ನ ಗೆಳೆಯನ ಮನೆಗೂ ಹೋಗುತ್ತೇವೆ ಅನ್ನುತ್ತಾನೆ. ಮಾಂಟಾಗ್‌ನ ಕೈ ಬೆಂಕಿ ಕೊಳವೆಯ ಕಡೆ ಹೋಗುವುದು ಆ ಕ್ಷಣದಲ್ಲಿ. ತನ್ನ ಮನೆ ತನ್ನ ಕೈಯಿಂದಲೇ ಸುಡುವ ತನಕ ಅವನು ತಿರುಗಿ ಬಿದ್ದಿರಲಿಲ್ಲ. ಮೇಷ್ಟ್ರ ಹೆಸರು ಬಂದ ಕೂಡಲೇ ಬಿದ್ದ. ಬೀಟಿ ಸುಟ್ಟುಹೋಗುತ್ತಾನೆ. ಬೀಟಿಗೇ ಸಾಯುವ ಆಸೆ ಇತ್ತು ಅಂತ ಆಮೇಲೆ ಮಾಂಟಾಗ್‌ಗೆ ಅನಿಸುತ್ತದೆ, ಅದು ಬೇರೆ ಮಾತು. ಕಥೆ ಹಿಂದಿರುಗಲಾರದ ಹಾಗೆ ತಿರುಗಿದ್ದು ಆ ಸಣ್ಣ ಪಾತ್ರವನ್ನು ಕಾಪಾಡಲು ಹೋಗಿ. ಮೊದಲ ಓದಿನಲ್ಲಿ ನನ್ನ ಕಣ್ಣಿಗೆ ಬೀಳದೆ ಹೋದದ್ದು ಇದೇ.

ತಪ್ಪಿಸಿಕೊಂಡು ಓಡುವ ದಾರಿಯಲ್ಲಿ ಮಾಂಟಾಗ್ ತನ್ನ ಜೊತೆ ಕೆಲಸ ಮಾಡುವವನೊಬ್ಬನ ಮನೆಯೊಳಗೆ ಪುಸ್ತಕ ಇಟ್ಟು, ಫೋನ್ ಮಾಡಿ ದೂರು ಕೊಡುತ್ತಾನೆ. ಫೇಬರ್ ಯೋಜನೆ ಜಾರಿಗೆ ಬಂದದ್ದು ಅದೊಂದೇ ಸಲ. ಆಮೇಲೆ ಮೇಷ್ಟ್ರ ಬಾಗಿಲು ತಟ್ಟುತ್ತಾನೆ.

ಈ ಎರಡನೆಯ ಭೇಟಿ ಕಾದಂಬರಿಯ ಅತ್ಯಂತ ಒಳ್ಳೆಯ ಪುಟಗಳಲ್ಲಿ ಒಂದು. ಮೇಷ್ಟ್ರ ಮನೆಯಲ್ಲೂ ಒಂದು ಟಿವಿ ಇದೆ, ಪೋಸ್ಟ್ ಕಾರ್ಡಿನಷ್ಟು ಚಿಕ್ಕದು. ಬೇಕಾದರೆ ನಡೆದು ಹೋಗಿ ನೋಡುವಂತಿರಬೇಕು, ಬೇಡವಾದರೆ ಅಂಗೈಯಿಂದ ಮುಚ್ಚುವಂತಿರಬೇಕು, ಅದಕ್ಕೇ ಇಷ್ಟು ಚಿಕ್ಕದು ಇಟ್ಟುಕೊಂಡಿದ್ದೇನೆ ಅನ್ನುತ್ತಾರೆ. ಆ ಚಿಕ್ಕ ಪರದೆಯಲ್ಲಿ ಸುದ್ದಿ ಬರುತ್ತಿದೆ. ಬೇರೆ ಊರಿಂದ ಹೊಸ ಯಂತ್ರನಾಯಿ ತರಿಸಿದ್ದಾರೆ. ಹತ್ತು ಸಾವಿರ ಜನರ ಮೈ ವಾಸನೆ ನೆನಪಿಟ್ಟುಕೊಳ್ಳಬಲ್ಲ ಮೂಗು ಅದರದ್ದು. ಮಾಂಟಾಗ್ ಓಡಿ ಬಂದ ದಾರಿ ಹಿಡಿದು ಅದು ಸೀದಾ ಈ ಮನೆಗೇ ಬರುತ್ತದೆ.

ಈಗ ಮಾತು ಉಲ್ಟಾ ಆಗುತ್ತದೆ. ಇಷ್ಟು ಹೊತ್ತು ಹೇಳಿಕೊಡುತ್ತಿದ್ದವರು ಮೇಷ್ಟ್ರು, ಈಗ ಹೇಳಿಕೊಡುವವನು ಮಾಂಟಾಗ್. ನಾನು ಮುಟ್ಟಿದ ಹಾಸಿಗೆ ಹೊದಿಕೆ ಸುಡಿ. ಕೂತ ಕುರ್ಚಿ ಸುಡಿ. ಬಾಗಿಲ ಹಿಡಿ, ಮೇಜು ಎಲ್ಲ ಸ್ಪಿರಿಟ್‌ನಿಂದ ಒರೆಸಿ. ನುಸಿಗೆ ಹೊಡೆಯುವ ಔಷಧಿ ಇದ್ದರೆ ಎಲ್ಲ ಕಡೆ ಸಿಂಪಡಿಸಿ. ಏರ್ ಕಂಡಿಷನರ್ ಪೂರ್ತಿ ಜೋರಾಗಿ ಇಡಿ. ಅಂಗಳದ ಹುಲ್ಲಿಗೆ ನೀರು ಚಿಮ್ಮಿಸುವ ನಳ್ಳಿ ತಿರುಗಿಸಿಬಿಡಿ. ಪುಸ್ತಕ ಉಳಿಸುವ ದೊಡ್ಡ ಮಾತೆಲ್ಲ ಬಂದು ನಿಂತದ್ದು ಇಲ್ಲಿ: ಬಾಗಿಲ ಹಿಡಿ ಒರೆಸುವ ಬಟ್ಟೆ, ನುಸಿ ಔಷಧಿಯ ಡಬ್ಬಿ. ಪ್ರತಿರೋಧದ ಮುಕ್ಕಾಲು ಭಾಗ ಇಂಥ ಕೆಲಸವೇ.

ಮಾಂಟಾಗ್ ಇನ್ನೊಂದು ಕೇಳುತ್ತಾನೆ. ನಿಮ್ಮ ಹಳೆಯ ಬಟ್ಟೆ ಕೊಡಿ, ಎಷ್ಟು ಕೊಳೆಯಾಗಿದ್ದರೆ ಅಷ್ಟು ಒಳ್ಳೆಯದು. ಫೇಬರ್ ಒಂದು ಸೂಟ್‌ಕೇಸಿನಲ್ಲಿ ಹಳೆಯ ಅಂಗಿ, ಕಾಲುಚೀಲ ಎಲ್ಲ ತುರುಕಿ, ವಾಸನೆ ಹೊರಗೆ ಬಾರದ ಹಾಗೆ ಟೇಪ್ ಸುತ್ತುತ್ತಾರೆ. ಹೊರಗಡೆ ಮಾಂಟಾಗ್ ವಿಸ್ಕಿ ಸುರಿಯುತ್ತಾನೆ. ನದಿ ತಲುಪಿದ ಮೇಲೆ ಮಾಂಟಾಗ್ ತನ್ನ ಬಟ್ಟೆ ಬಿಚ್ಚಿ ನೀರಿಗೆ ಬಿಟ್ಟು, ಮೇಷ್ಟ್ರ ಬಟ್ಟೆ ತೊಟ್ಟು ಹೊಳೆಗೆ ಇಳಿಯುತ್ತಾನೆ. ಅವನನ್ನು ಕಾಪಾಡಿದ್ದು ಒಬ್ಬ ಮುದುಕರ ಬೆವರಿನ ವಾಸನೆ. ಮೊದಲು ತಮ್ಮ ಮಾತು ಕೊಟ್ಟರು, ಆಮೇಲೆ ದನಿ, ಕೊನೆಗೆ ಮೈಮೇಲಿನ ಬಟ್ಟೆ. ಅವರ ಬಳಿ ಇದ್ದದ್ದೇ ಅಷ್ಟು.

ಈ ಗಡಿಬಿಡಿಯ ಮಧ್ಯೆ ಮೇಷ್ಟ್ರು ಒಂದು ಮಾತು ಹೇಳುತ್ತಾರೆ. ಎಷ್ಟೋ ವರ್ಷದ ಮೇಲೆ ಇವತ್ತು ಬದುಕಿದ್ದೇನೆ ಅನಿಸುತ್ತಿದೆ, ಸದ್ಯಕ್ಕೆ ಭಯ ಆಗುತ್ತಿಲ್ಲ ಅನ್ನುತ್ತಾರೆ. ಸದ್ಯಕ್ಕೆ ಅನ್ನುವುದನ್ನು ಬ್ರಾಡ್‌ಬರಿ ಬಿಟ್ಟಿಲ್ಲ. ಭಯ ಶಾಶ್ವತವಾಗಿ ಹೋಯಿತು ಅಂತ ಬರೆದಿದ್ದರೆ ನಾನು ನಂಬುತ್ತಿರಲಿಲ್ಲ.

ನಾಯಿ ಬಂದಾಗ ಏನಾಯಿತು ಅನ್ನುವುದನ್ನು ಮಾಂಟಾಗ್ ಬೀದಿಬದಿಯ ಮನೆಗಳ ಕಿಟಕಿಯೊಳಗಿನ ಟಿವಿಯಲ್ಲಿ ನೋಡುತ್ತಾನೆ. ಫೇಬರ್ ಮನೆ ಮುಂದೆ ನೀರು ಚಿಮ್ಮುತ್ತಿದೆ. ನಾಯಿ ನಿಂತು ಮೂಸುತ್ತದೆ. ಮಾಂಟಾಗ್ ಉಸಿರು ಬಿಗಿಹಿಡಿದು ಕಿಟಕಿಯಂಚನ್ನು ಹಿಡಿದುಕೊಳ್ಳುತ್ತಾನೆ. ನಾಯಿ ಅನುಮಾನಿಸುತ್ತದೆ, ಹಿಂದೆ ಮುಂದೆ ನೋಡುತ್ತದೆ, ಆಮೇಲೆ ತಿರುಗಿ ಗಲ್ಲಿಯ ಕಡೆ ಹೋಗಿಬಿಡುತ್ತದೆ.

ಹೊಳೆ ದಾಟಿದ ಮೇಲೆ ಮಾಂಟಾಗ್‌ಗೆ ಗ್ರೇಂಜರ್ ಮತ್ತು ಅವನ ಜೊತೆಗಾರರು ಸಿಗುತ್ತಾರೆ. ಅವರು ಒಬ್ಬೊಬ್ಬರೂ ಒಂದೊಂದು ಪುಸ್ತಕವನ್ನು ಬಾಯಿಪಾಠ ಮಾಡಿಕೊಂಡು ತಲೆಯಲ್ಲಿ ಇಟ್ಟುಕೊಂಡಿದ್ದಾರೆ. ಹೆಚ್ಚಿನವರು ಈ ಕಾದಂಬರಿಯಲ್ಲಿ ನೆನಪಿಟ್ಟುಕೊಳ್ಳುವುದು ಈ ಪುಸ್ತಕದ ಮನುಷ್ಯರನ್ನೇ. ಕನ್ನಡದ ಓದುಗರಿಗೆ ಇದು ಹತ್ತಿರದ್ದೂ ಹೌದು. ಪುಸ್ತಕ ಮುಟ್ಟದೆ ಕುಮಾರವ್ಯಾಸನ ಸಂಧಿಗಟ್ಟಲೆ ಪದ್ಯ ಹಾಡುತ್ತಿದ್ದ ಹಿರಿಯರನ್ನು ನಾನೇ ಕೇಳಿದ್ದೇನೆ. ಆದರೆ ಗ್ರೇಂಜರ್ ಗುಂಪಿನ ತನಕ ಮಾಂಟಾಗ್ ತಲುಪಿದ್ದು ಫೇಬರ್ ಹೇಳಿದ ದಾರಿಯಿಂದ. ಕ್ಲಾರಿಸ್ ಅವನನ್ನು ಎಬ್ಬಿಸಿದಳು, ಗ್ರೇಂಜರ್ ಬರಮಾಡಿಕೊಂಡ. ಈ ಇಬ್ಬರ ನಡುವಿನ ಕತ್ತಲ ದಾರಿಯಲ್ಲಿ ಕಂದೀಲು ಹಿಡಿದವರು ಮೇಷ್ಟ್ರು.

ಇಂಥವರು ನಿಜವಾಗಿಯೂ ಇದ್ದರು. ರಷ್ಯಾದ ಕವಿ ಅನ್ನಾ ಅಖ್ಮಾತೊವಾ 1930ರ ದಶಕದಲ್ಲಿ ಸ್ಟಾಲಿನ್ ಕಾಲದ ಭಯದ ಬಗ್ಗೆ ‘ರಿಕ್ವಿಯಮ್’ ಎಂಬ ಕವನ ಮಾಲೆ ಬರೆಯುತ್ತಿದ್ದರು. ಕಾಗದ ಮನೆಯಲ್ಲಿ ಸಿಕ್ಕಿದರೆ ಜೀವಕ್ಕೇ ಅಪಾಯ. ಗೆಳತಿ ಲಿಡಿಯಾ ಚುಕೊವ್‌ಸ್ಕಾಯಾ ಮನೆಗೆ ಬಂದರೆ ಅಖ್ಮಾತೊವಾ ಒಂದು ಚೂರು ಕಾಗದದ ಮೇಲೆ ಸಾಲು ಬರೆದು ತೋರಿಸುತ್ತಿದ್ದರು. ಗೋಡೆಗೂ ಕಿವಿ ಇದೆ ಅನ್ನುವ ಭಯಕ್ಕೆ ಬಾಯಲ್ಲಿ ಬೇರೆ ಏನೋ ಮಾತು. ಲಿಡಿಯಾ ಓದಿ, ಮನಸ್ಸಿನಲ್ಲಿ ಇಟ್ಟುಕೊಂಡು, ಕಾಗದ ವಾಪಸ್ ಕೊಡುತ್ತಿದ್ದರು. ಅದನ್ನು ಬೂದಿ ಬಟ್ಟಲಿನಲ್ಲಿ ಸುಡುತ್ತಿದ್ದರು. ಆ ಕವನಗಳು ಮೊದಲು ಪುಸ್ತಕವಾಗಿ ಅಚ್ಚಾದದ್ದು 1963ರಲ್ಲಿ, ಅದೂ ಜರ್ಮನಿಯ ಮ್ಯೂನಿಕ್‌ನಲ್ಲಿ. ಸೋವಿಯತ್ ದೇಶದೊಳಗೆ ಅಚ್ಚಾಗಲು 1987 ಆಗಬೇಕಾಯಿತು. ಅಷ್ಟು ವರ್ಷ ಆ ಕವನ ಉಳಿದದ್ದು ಕೆಲವರ ತಲೆಯಲ್ಲಿ.

ಫೇಬರ್ ಹೆಸರಿನ ಬಗ್ಗೆ ಒಂದು ಸಂಗತಿ ಇದೆ. ಮಾಂಟಾಗ್ ಅನ್ನುವುದು ಕಾಗದ ತಯಾರಿಸುವ ಕಂಪನಿಯೊಂದರ ಹೆಸರು, ಫೇಬರ್ ಅನ್ನುವುದು ಪೆನ್ಸಿಲ್ ಕಂಪನಿಯ ಹೆಸರು. ನಮ್ಮಲ್ಲೂ ಎಷ್ಟೋ ಮಕ್ಕಳ ಪೆನ್ಸಿಲ್ ಡಬ್ಬಿಯಲ್ಲಿ ಆ ಹೆಸರು ಇದೆ. ಬೇಕಂತಲೇ ಇಟ್ಟದ್ದಲ್ಲ, ಬರೆದು ಎಷ್ಟೋ ವರ್ಷದ ಮೇಲೆ ತನಗೇ ಹೊಳೆಯಿತು ಅಂತ ಬ್ರಾಡ್‌ಬರಿ ಹೇಳಿಕೊಂಡಿದ್ದಾರೆ. ಖಾಲಿ ಕಾಗದದ ಮೇಲೆ ಪೆನ್ಸಿಲ್ ಬರೆದ ಹಾಗೆ ಈ ಮೇಷ್ಟ್ರು ಆ ಮನುಷ್ಯನ ಮೇಲೆ ಬರೆದರು ಅಂತ ಓದಬಹುದು. ಆದರೆ ಕಿವಿಯ ದನಿಯನ್ನು ಮಾಂಟಾಗ್ ಪ್ರಶ್ನೆ ಮಾಡಿದ ಕ್ಷಣ ನೆನಪಾದರೆ, ಆ ಕಾಗದ ಅಷ್ಟೇನೂ ಖಾಲಿ ಇರಲಿಲ್ಲ ಅನಿಸುತ್ತದೆ.

1966ರಲ್ಲಿ ಫ್ರೆಂಚ್ ನಿರ್ದೇಶಕ ಫ್ರಾಂಸ್ವಾ ತ್ರೂಫೊ ಈ ಕಾದಂಬರಿಯನ್ನು ಸಿನಿಮಾ ಮಾಡಿದಾಗ ಫೇಬರ್ ಪಾತ್ರವನ್ನೇ ತೆಗೆದುಹಾಕಿದರು. ಯಂತ್ರನಾಯಿಯೂ ಇಲ್ಲ. ಕಥೆ ಮುಂದೆ ಸಾಗುತ್ತದೆ, ಪುಸ್ತಕದ ಮನುಷ್ಯರೂ ಸಿಗುತ್ತಾರೆ. ಆದರೆ ಭಯದ ಜೊತೆಗೇ ಸಹಾಯ ಮಾಡಿದ ಮನುಷ್ಯ ಅಲ್ಲಿಲ್ಲ. ನನ್ನಂಥ ಓದುಗರಿಗೆ ಅದು ದೊಡ್ಡ ನಷ್ಟ. ನಮ್ಮಲ್ಲಿ ಹೆಚ್ಚಿನವರು ಮಾಂಟಾಗ್ ಅಲ್ಲ, ಗ್ರೇಂಜರ್ ಅಂತೂ ಅಲ್ಲವೇ ಅಲ್ಲ.

ಕಾದಂಬರಿಯ ಕೊನೆಯಲ್ಲಿ ಯುದ್ಧದ ಬಾಂಬು ಬಿದ್ದು ಆ ಊರು ನಾಶವಾಗುತ್ತದೆ. ಮಾಂಟಾಗ್ ದೂರದಿಂದ ನೋಡುತ್ತಾನೆ. ಬೆಳಗಿನ ಐದು ಗಂಟೆ ಬಸ್ಸಿಗೆ ಸೇಂಟ್ ಲೂಯಿಸ್‌ಗೆ ಹೋಗುತ್ತೇನೆ, ಅಲ್ಲಿ ಆ ಮುದ್ರಕನನ್ನು ನೋಡುತ್ತೇನೆ ಅಂತ ಫೇಬರ್ ಹೇಳಿದ್ದರು. ವರ್ಷಗಳಿಂದ ಬಾಗಿಲು ದಾಟದಿದ್ದ ಮನುಷ್ಯ ಕೊನೆಗೂ ಬಸ್ಸು ಹತ್ತಲು ಹೊರಟಿದ್ದರು. ಖರ್ಚಿಗೆ ಮಾಂಟಾಗ್ ಕೊಟ್ಟ ನೂರು ಡಾಲರ್ ಜೇಬಿನಲ್ಲಿತ್ತು. ಇಬ್ಬರೂ ಉಳಿದರೆ ಸೇಂಟ್ ಲೂಯಿಸ್ ಅಂಚೆ ಕಚೇರಿಯ ವಿಳಾಸಕ್ಕೆ ಕಾಗದ ಬರೆ ಅಂದಿದ್ದರು. ಮನೆ ವಿಳಾಸ ಇಲ್ಲದವರ ಕಾಗದವನ್ನು ಅಂಚೆ ಕಚೇರಿಯವರೇ ಇಟ್ಟುಕೊಂಡು, ಬಂದು ಕೇಳಿದಾಗ ಕೊಡುವ ವ್ಯವಸ್ಥೆ ಅದು. ಮೊದಲ ಸಲ ಪಾರ್ಕಿನಲ್ಲಿ ಕೊಟ್ಟದ್ದೂ ಒಂದು ವಿಳಾಸ, ಕೊನೆಗೆ ಕೊಟ್ಟದ್ದೂ ಒಂದು ವಿಳಾಸ. ಬಸ್ಸು ಊರು ದಾಟಿರಬೇಕು, ಮೇಷ್ಟ್ರು ಎಲ್ಲೋ ದಾರಿಯಲ್ಲಿರಬೇಕು ಅಂತ ಮಾಂಟಾಗ್ ಅಂದುಕೊಳ್ಳುತ್ತಾನೆ. ಆ ಕಾಗದ ಬರೆದನೋ ಇಲ್ಲವೋ ಬ್ರಾಡ್‌ಬರಿ ಹೇಳುವುದಿಲ್ಲ.